ಲ್ಯಾಪ್‌ಟಾಪ್‌ನಲ್ಲಿ ಫ್ಲ್ಯಾಶ್, ಜಾವಾ ಇನ್ನೂ ಕೂತಿವೆ. ತೆಗೆಯಲೇ, ಬಿಡಲೇ?

ಪ್ರಶ್ನೆ: ನಾನು ನಿವೃತ್ತ ಶಿಕ್ಷಕ. ಮನೆಯಲ್ಲಿ ಎಂಟು ವರ್ಷ ಹಳೆಯ ವಿಂಡೋಸ್ 10 ಲ್ಯಾಪ್‌ಟಾಪ್ ಇದೆ. ನಾನು, ನನ್ನ ಹೆಂಡತಿ, ರಜೆಗೆ ಬಂದಾಗ ಮಗಳು, ಮೂವರೂ ಅದನ್ನೇ ಬಳಸುತ್ತೇವೆ. ಬ್ಯಾಂಕಿನ ಕೆಲಸವೂ ಅದರಲ್ಲೇ. ಕ್ರೋಮ್ ಬ್ರೌಸರಿಗೆ ಮಗಳ ಖಾತೆಯಿಂದ ಲಾಗಿನ್ ಆಗಿದೆ. ಶುರುವಿನಲ್ಲಿ ಅವಳೇ ಮಾಡಿಕೊಟ್ಟದ್ದು. ಪ್ಲಗಿನ್‌ಗಳ ಮೂಲಕ ಕಳ್ಳರು ಕಂಪ್ಯೂಟರಿಗೆ ನುಗ್ಗುತ್ತಾರೆ ಎಂದು ಎಲ್ಲೋ ಓದಿದೆ. ಕಂಟ್ರೋಲ್ ಪ್ಯಾನೆಲ್ ತೆರೆದು ನೋಡಿದರೆ ಅಡೋಬಿ ಫ್ಲ್ಯಾಶ್ ಪ್ಲೇಯರ್, ಜಾವಾ 8, ಸಿಲ್ವರ್‌ಲೈಟ್ ಮೂರೂ ಇವೆ. ಹೋದ ವಾರ ಯಾವುದೋ ಪುಟ ನೋಡುವಾಗ ‘ನಿಮ್ಮ ಫ್ಲ್ಯಾಶ್ ಪ್ಲೇಯರ್ ಹಳೆಯದಾಗಿದೆ, ಕೂಡಲೇ ಅಪ್‌ಡೇಟ್ ಮಾಡಿ’ ಎಂದು ಬಂತು. ಒತ್ತಿದೆ. ಒಂದು ಫೈಲ್ ಇಳಿಯಿತು. ಹೆದರಿಕೆಯಾಗಿ ತೆರೆಯದೆ ಅಳಿಸಿಬಿಟ್ಟೆ. ಇನ್ನೊಂದು ವಿಷಯ: ಅದಕ್ಕೂ ಹತ್ತು ದಿನ ಮೊದಲಿಂದಲೇ ನಾನು ಏನು ಹುಡುಕಿದರೂ ಹೆಸರೇ ಕೇಳದ ಯಾವುದೋ ಸರ್ಚ್ ಪುಟಕ್ಕೆ ಹೋಗುತ್ತಿದೆ. ಕ್ರೋಮಿನಲ್ಲಿ ಹದಿನಾಲ್ಕು ಎಕ್ಸ್‌ಟೆನ್ಶನ್ ಇವೆ. ನನಗೆ ಗೊತ್ತಿರುವುದು ಮೂರೇ. ಆಂಟಿವೈರಸ್ ಕೇಳಿದರೆ ಏನೂ ತೊಂದರೆ ಇಲ್ಲ ಎನ್ನುತ್ತದೆ. ಎಲ್ಲವನ್ನೂ ಕಿತ್ತುಹಾಕಲೇ? ಲ್ಯಾಪ್‌ಟಾಪನ್ನೇ ಫಾರ್ಮ್ಯಾಟ್ ಮಾಡಿಸಲೇ? ಫೈರ್‌ಫಾಕ್ಸ್‌ನಲ್ಲೂ ‘ಪ್ಲಗಿನ್’ ಎಂಬ ಜಾಗದಲ್ಲಿ ಎರಡು ಹೆಸರು ಕಾಣುತ್ತಿವೆ. ಅವೂ ಅಪಾಯವೇ?

ಉತ್ತರ: ಮೊದಲು ಸಮಾಧಾನದ ಮಾತು. ಆ ಫೈಲನ್ನು ನೀವು ತೆರೆಯಲಿಲ್ಲ, ಅಳಿಸಿದಿರಿ. ಅಷ್ಟು ಸಾಕು. ಇಳಿದ ಫೈಲ್ ಸುಮ್ನೆ ಫೋಲ್ಡರಿನಲ್ಲಿ ಬಿದ್ದಿರುತ್ತದೆ. ಡಬಲ್ ಕ್ಲಿಕ್ ಮಾಡಿ ಓಡಿಸಿದರೆ ತಾನೇ ಅದರ ಆಟ! ರೀಸೈಕಲ್ ಬಿನ್‌ನಲ್ಲಿ ಉಳಿದಿದ್ದರೆ ಅಲ್ಲಿಂದಲೂ ಖಾಲಿ ಮಾಡಿಬಿಡಿ.

ನಿಮ್ಮ ಪತ್ರದಲ್ಲಿ ನಾನು ಎರಡು ಸಲ ಓದಿದ ಸಾಲು ಬೇರೆಯದು. ಸರ್ಚ್ ದಾರಿ ತಪ್ಪಿದ್ದು ಫ್ಲ್ಯಾಶ್ ಸಂದೇಶ ಬರುವ ಹತ್ತು ದಿನ ಮೊದಲೇ. ಹಾಗಾದರೆ ಆ ಫೈಲ್ ಇದಕ್ಕೆ ಕಾರಣ ಅಲ್ಲ. ಬಹುಶಃ ಉಲ್ಟಾ. ನಿಮ್ಮ ಸರ್ಚನ್ನು ಎಳೆದೊಯ್ಯುತ್ತಿರುವುದು ಯಾವುದೋ, ಅದೇ ನಿಮ್ಮನ್ನು ಆ ನಕಲಿ ಅಪ್‌ಡೇಟ್ ಪುಟದ ಮುಂದೆಯೂ ತಂದು ನಿಲ್ಲಿಸಿರಬಹುದು. ನಿಮಗೆ ಭಯ ಹುಟ್ಟಿಸಿದ ಆ ಮೂರು ಹೆಸರುಗಳು ಇವತ್ತಿಗೆ ಹಲ್ಲು ಕಿತ್ತ ಹಾವುಗಳು. ನಾನಾಗಿದ್ದರೆ ನೋಡುವುದು ಆ ಹದಿನಾಲ್ಕರ ಕಡೆಗೆ.

ಪ್ಲಗಿನ್, ಎಕ್ಸ್‌ಟೆನ್ಶನ್ ಎರಡನ್ನೂ ಜನ ಒಂದೇ ಅರ್ಥದಲ್ಲಿ ಬಳಸುತ್ತಾರೆ. ನಮ್ಮ ಕ್ಷೇತ್ರದವರೂ ಮಾತಿನ ಭರದಲ್ಲಿ ಹಾಗೇ ಅಂದುಬಿಡುತ್ತೇವೆ. ಆದರೆ ಎರಡರ ಸ್ವಭಾವವೂ ಬೇರೆ, ಅಪಾಯವೂ ಬೇರೆ. ಪ್ಲಗಿನ್ ಅಂದರೆ ಕಂಪ್ಯೂಟರಿನಲ್ಲಿ ಇನ್‌ಸ್ಟಾಲ್ ಆಗುವ, ಬೇರೊಂದು ಕಂಪನಿಯ ಪೂರ್ತಿ ಪ್ರೋಗ್ರಾಂ. ಫ್ಲ್ಯಾಶ್, ಜಾವಾ, ಸಿಲ್ವರ್‌ಲೈಟ್ ಮೂರೂ ಈ ಜಾತಿಯವು. ಬ್ರೌಸರ್ ತನ್ನ ಕೈಲಾಗದ ವಿಡಿಯೊ, ಆಟ, ಫಾರ್ಮ್ ಏನಾದರೂ ಎದುರಾದರೆ ಅದನ್ನು ಕರೆದು ‘ಇದನ್ನು ನೀನೇ ನೋಡಿಕೋ’ ಎನ್ನುತ್ತಿತ್ತು. 1990ರ ದಶಕದಲ್ಲಿ ನೆಟ್‌ಸ್ಕೇಪ್ ಬ್ರೌಸರ್ ಹಾಕಿಕೊಟ್ಟ ಪದ್ಧತಿ ಅದು. ಎಕ್ಸ್‌ಟೆನ್ಶನ್ ಹಾಗಲ್ಲ. ಅದು ಬ್ರೌಸರಿನ ಒಳಗೇ ಓಡುವ ಚಿಕ್ಕ ಪ್ರೋಗ್ರಾಂ. ಕಂಪ್ಯೂಟರಿನ ಫೈಲುಗಳನ್ನು ಅದು ನೇರವಾಗಿ ಮುಟ್ಟುವುದಿಲ್ಲ. ನೀವು ಬ್ರೌಸರಿನಲ್ಲಿ ಏನು ನೋಡುತ್ತೀರಿ, ಏನು ಟೈಪ್ ಮಾಡುತ್ತೀರಿ ಎಂಬುದನ್ನು ಮುಟ್ಟುತ್ತದೆ.

ಪ್ಲಗಿನ್‌ಗಳಿಗೆ ಅಷ್ಟೊಂದು ಕೆಟ್ಟ ಹೆಸರು ಬಂದದ್ದು ಸುಮ್ಮನೆ ಅಲ್ಲ. ಫ್ಲ್ಯಾಶ್, ಜಾವಾ ಎರಡೂ ಕಂಪ್ಯೂಟರಿನಲ್ಲಿ ಬಹುಮಟ್ಟಿಗೆ ನಿಮಗಿರುವಷ್ಟೇ ಅಧಿಕಾರದಿಂದ ಓಡುತ್ತಿದ್ದವು. ಯಾರೋ ಅಪರಿಚಿತರು ಕಳಿಸಿದ ಫೈಲನ್ನು ಪುಟ ತೆರೆದ ತಕ್ಷಣ ಓದಲು ಕೂರುತ್ತಿದ್ದವು. ಆ ಫೈಲನ್ನು ಬೇಕೆಂದೇ ವಕ್ರವಾಗಿ ಕಟ್ಟಿದ್ದರೆ, ಓದುವಾಗ ಪ್ಲಗಿನ್ ಎಡವುತ್ತಿತ್ತು. ಎಡವಿದ ಆ ಕ್ಷಣದಲ್ಲಿ ದಾಳಿಕೋರನ ಕೋಡ್ ಮೆಮೊರಿಯೊಳಗೆ ನುಸುಳಿ ಓಡಲು ಶುರುವಾಗುತ್ತಿತ್ತು. ನೀವು ಏನನ್ನೂ ಒತ್ತಬೇಕಿರಲಿಲ್ಲ, ಏನನ್ನೂ ಒಪ್ಪಬೇಕಿರಲಿಲ್ಲ. ಪುಟ ತೆರೆದರೆ ಮುಗಿಯಿತು. ಅದೂ ಕಳ್ಳ ಸೈಟೇ ಆಗಬೇಕೆಂದಿಲ್ಲ. ಒಳ್ಳೆಯ ಸುದ್ದಿ ತಾಣದ ಮೂಲೆಯಲ್ಲಿ ಬರುವ ಜಾಹೀರಾತಿನೊಳಗೆ ಆ ಫೈಲ್ ಅಡಗಿರುತ್ತಿತ್ತು. ಜಾಹೀರಾತು ಎಲ್ಲಿಂದ ಬಂತು ಅಂತ ಸೈಟಿನವರಿಗೇ ಗೊತ್ತಿರುತ್ತಿರಲಿಲ್ಲ.

ಇದನ್ನೇ ದಂಧೆ ಮಾಡಿಕೊಂಡವರಿದ್ದರು. ಬ್ಲ್ಯಾಕ್‌ಹೋಲ್, ಆ್ಯಂಗ್ಲರ್ ಎಂಬ ಹೆಸರಿನ ದಾಳಿ ಕಿಟ್‌ಗಳು ಕಳ್ಳರ ಲೋಕದಲ್ಲಿ ಬಾಡಿಗೆಗೆ ಸಿಗುತ್ತಿದ್ದವು. ನಿಮ್ಮ ಬ್ರೌಸರ್ ಆ ಪುಟಕ್ಕೆ ಕಾಲಿಟ್ಟ ತಕ್ಷಣ ಕಿಟ್ ಸದ್ದಿಲ್ಲದೆ ವಿಚಾರಿಸುತ್ತಿತ್ತು: ಫ್ಲ್ಯಾಶ್ ಯಾವ ಆವೃತ್ತಿ? ಜಾವಾ ಯಾವುದು? ಪಿಡಿಎಫ್ ರೀಡರ್ ಯಾವುದು? ಹಳೆಯದು ಸಿಕ್ಕರೆ ಅದಕ್ಕೆ ಹೊಂದುವ ಕೀಲಿಯನ್ನು ತೆಗೆಯುತ್ತಿತ್ತು. 2012ರಲ್ಲಿ ಫ್ಲ್ಯಾಶ್‌ಬ್ಯಾಕ್ ಎಂಬ ದುಷ್ಟ ಪ್ರೋಗ್ರಾಂ 6 ಲಕ್ಷಕ್ಕೂ ಹೆಚ್ಚು ಮ್ಯಾಕ್ ಕಂಪ್ಯೂಟರ್‌ಗಳಿಗೆ ಹತ್ತಿಕೊಂಡಿತು. ಹೆಸರು ಫ್ಲ್ಯಾಶ್‌ಬ್ಯಾಕ್ ಆದರೂ ಆ ಸಲ ಅದು ನುಗ್ಗಿದ್ದು ಜಾವಾದ ಬಿರುಕಿನಿಂದ. ಆ ಬಿರುಕಿಗೆ ಜಾವಾದ ಕಂಪನಿ ಒರಾಕಲ್ ಫೆಬ್ರವರಿಯಲ್ಲೇ ತೇಪೆ ಹಾಕಿತ್ತು. ಆಪಲ್ ಅದನ್ನು ತನ್ನ ಬಳಕೆದಾರರಿಗೆ ತಲುಪಿಸಿದ್ದು ಏಪ್ರಿಲ್‌ನಲ್ಲಿ. ಅಷ್ಟು ವಾರಗಳ ಅಂತರ ಕಳ್ಳರಿಗೆ ಹಬ್ಬವಾಯಿತು. ‘ಮ್ಯಾಕ್‌ಗೆ ವೈರಸ್ ಬರಲ್ಲ’ ಎಂದು ಈಗಲೂ ಹೇಳುವವರಿಗೆ ನಾನು ಈ ಕಥೆಯನ್ನೇ ಹೇಳುವುದು. 2013ರ ಜನವರಿಯಲ್ಲಿ ಜಾವಾದಲ್ಲಿ ಇನ್ನೊಂದು ಬಿರುಕು ಸಿಕ್ಕಾಗ, ಬ್ರೌಸರಿನಲ್ಲಿ ಜಾವಾವನ್ನು ಬಂದ್ ಮಾಡಿ ಎಂದು ಅಮೆರಿಕದ ಗೃಹ ಭದ್ರತಾ ಇಲಾಖೆಯೇ ಜನರಿಗೆ ಹೇಳಬೇಕಾಯಿತು. 2015ರ ಜುಲೈನಲ್ಲಿ ಹ್ಯಾಕಿಂಗ್ ಟೀಮ್ ಎಂಬ ಇಟಲಿಯ ಬೇಹುಗಾರಿಕೆ ತಂತ್ರಾಂಶ ಕಂಪನಿಯ ಕಡತಗಳೇ ಕಳುವಾಗಿ ಹೊರಬಿದ್ದವು. ಅದರಲ್ಲಿ ಯಾರಿಗೂ ಗೊತ್ತಿಲ್ಲದ ಫ್ಲ್ಯಾಶ್ ಬಿರುಕುಗಳಿದ್ದವು. ಕೆಲವೇ ದಿನಗಳಲ್ಲಿ ಅವು ಕಿಟ್‌ಗಳ ಒಳಗೆ ಸೇರಿಕೊಂಡವು.

ಆ ಕಾಲದಲ್ಲಿ ನಾನು ನೋಡಿದ ಒಂದು ಕಂಪ್ಯೂಟರ್ ಇನ್ನೂ ನೆನಪಿದೆ. ಗಡಿಯಾರದ ಪಕ್ಕದಲ್ಲಿ ಜಾವಾದ ಕಿತ್ತಳೆ ಬಣ್ಣದ ಚಿಕ್ಕ ಗುರುತು. ಅದರ ಮೇಲೆ ಬಾಣ ಇಟ್ಟರೆ ಅಪ್‌ಡೇಟ್ ಇದೆ ಎನ್ನುತ್ತಿತ್ತು. ಎಷ್ಟು ದಿನದಿಂದ ಹೀಗಿದೆ ಅಂತ ಕೇಳಿದೆ. ‘ಅದು ಯಾವಾಗಲೂ ಇರುತ್ತಲ್ಲ ಸರ್, ಆಮೇಲೆ ಅಂತ ಒತ್ತುತ್ತೇನೆ’ ಅಂದರು. ಅವರನ್ನು ಬೈಯಲು ನನಗೆ ಬಾಯಿ ಬರಲಿಲ್ಲ. ಫ್ಲ್ಯಾಶ್‌ಗೆ ಒಂದು ಅಪ್‌ಡೇಟ್ ಕಿಟಕಿ, ಜಾವಾಕ್ಕೆ ಇನ್ನೊಂದು, ರೀಡರಿಗೆ ಮತ್ತೊಂದು. ಪ್ರತಿಯೊಂದೂ ಬೇರೆ ದಿನ ಬಂದು ತೊಂದರೆ ಕೊಡುವುದು. ಹೂಂ ಅಂದರೆ ಕೇಳದ ಟೂಲ್‌ಬಾರ್ ಒಂದು ಅದರ ಜೊತೆಗೇ ಒಳಗೆ ಬರುವುದು. ಅಂಥದ್ದರಲ್ಲಿ ಯಾರು ತಾನೇ ಎಲ್ಲವನ್ನೂ ಸರಿಯಾದ ಹೊತ್ತಿಗೆ ಮಾಡುತ್ತಾರೆ? ರೋಗದ ಬೇರು ಇದ್ದದ್ದೂ ಅಲ್ಲೇ.

ಕೊನೆಗೆ ಬ್ರೌಸರಿನವರು ಆ ಬಾಗಿಲನ್ನೇ ಇಟ್ಟಿಗೆ ಇಟ್ಟು ಮುಚ್ಚಿದರು. ಕ್ರೋಮ್ 2015ರ ಸೆಪ್ಟೆಂಬರ್‌ನಲ್ಲಿ ನೆಟ್‌ಸ್ಕೇಪ್ ಕಾಲದ ಪದ್ಧತಿಯನ್ನು ಪೂರ್ತಿ ಕೈಬಿಟ್ಟಿತು. ಫೈರ್‌ಫಾಕ್ಸ್ 2017ರ ಮಾರ್ಚ್‌ನಲ್ಲಿ ಫ್ಲ್ಯಾಶ್ ಒಂದನ್ನು ಬಿಟ್ಟು ಉಳಿದದ್ದನ್ನೆಲ್ಲ ನಿಲ್ಲಿಸಿತು. ಫ್ಲ್ಯಾಶ್‌ನ ಆಯುಸ್ಸು 2020ರ ಡಿಸೆಂಬರ್ 31ಕ್ಕೆ ಮುಗಿಯಿತು. ವಿಡಿಯೊ, ಆಟ, ಪಿಡಿಎಫ್ ಎಲ್ಲವನ್ನೂ ಈಗ ಬ್ರೌಸರ್ ತಾನೇ ತೋರಿಸುತ್ತದೆ, ತಾನೇ ಅಪ್‌ಡೇಟ್ ಆಗುತ್ತದೆ.

ಹಾಗಿದ್ದರೆ ನಿಮ್ಮ ಪಟ್ಟಿಯಲ್ಲಿ ಫ್ಲ್ಯಾಶ್ ಇನ್ನೂ ಹೇಗೆ ಉಳಿಯಿತು? ವಿಂಡೋಸ್ ಅಪ್‌ಡೇಟ್ ಮೂಲಕ ಮೈಕ್ರೋಸಾಫ್ಟ್ ತೆಗೆದದ್ದು ವಿಂಡೋಸ್ ಜೊತೆಗೇ ಬಂದಿದ್ದ ಫ್ಲ್ಯಾಶನ್ನು ಮಾತ್ರ. ನೀವಾಗಿ ಇಳಿಸಿಕೊಂಡದ್ದನ್ನು ಅದು ಮುಟ್ಟಲಿಲ್ಲ. ಅನ್‌ಇನ್‌ಸ್ಟಾಲ್ ಮಾಡಿ, ಏನೂ ಯೋಚಿಸಬೇಡಿ. ಹೇಗೂ 2021ರ ಜನವರಿ 12ರಿಂದ ಫ್ಲ್ಯಾಶ್ ಪ್ಲೇಯರ್ ತಾನಾಗೇ ಏನನ್ನೂ ಓಡಿಸದಂತೆ ಅಡೋಬಿ ಮಾಡಿದೆ. ಹಳೆಯ ಫ್ಲ್ಯಾಶ್ ಪಾಠ, ಆಟ ನೋಡಲೇಬೇಕಿದ್ದರೆ ರಫಲ್ ಎಂಬ ಉಚಿತ ತಂತ್ರಾಂಶ ಇದೆ. ಇಂಟರ್ನೆಟ್ ಆರ್ಕೈವ್ ತಾಣ ತನ್ನ ಹಳೇ ಫ್ಲ್ಯಾಶ್ ಸಂಗ್ರಹವನ್ನು ತೋರಿಸುವುದು ಅದರಿಂದಲೇ, ನಿಮ್ಮಲ್ಲಿ ಏನನ್ನೂ ಇನ್‌ಸ್ಟಾಲ್ ಮಾಡಿಸದೆ. ಸಿಲ್ವರ್‌ಲೈಟ್‌ಗೆ ಬೆಂಬಲ 2021ರ ಅಕ್ಟೋಬರ್‌ನಲ್ಲಿ ನಿಂತಿತು. ಅದನ್ನೂ ತೆಗೆಯಿರಿ.

ಜಾವಾ ವಿಷಯಕ್ಕೆ ಮಾತ್ರ ಒಂದು ನಿಮಿಷ ನಿಲ್ಲಿ. ಅಪಾಯ ಇದ್ದದ್ದು ಬ್ರೌಸರಿನೊಳಗೆ ಓಡುತ್ತಿದ್ದ ಜಾವಾ ಪ್ಲಗಿನ್‌ನಲ್ಲಿ. ಅದನ್ನು ಈಗಿನ ಕ್ರೋಮ್, ಎಡ್ಜ್, ಫೈರ್‌ಫಾಕ್ಸ್ ಯಾವುದೂ ಮಾಮೂಲಿ ಬಳಕೆಯಲ್ಲಿ ಓಡಿಸುವುದಿಲ್ಲ. ಆದರೆ ಕಂಪ್ಯೂಟರಿನಲ್ಲಿರುವ ಬೇರೆ ಪ್ರೋಗ್ರಾಂಗೆ ಜಾವಾ ಬೇಕಿರಬಹುದು: ತೆರಿಗೆ ಲೆಕ್ಕದ್ದೋ, ಹಳೆಯ ಯಾವುದೋ ಕಚೇರಿ ಕೆಲಸದ್ದೋ. ತೆಗೆದು ಒಂದು ತಿಂಗಳು ನೋಡಿ. ಯಾವುದೂ ಅತ್ತು ಕರೆಯದಿದ್ದರೆ ಅದು ನಿಮಗೆ ಬೇಕಿರಲಿಲ್ಲ ಎಂದಾಯಿತು. ಬೇಕಾದರೆ ಒರಾಕಲ್‌ನವರ ತಾಣದಿಂದಲೇ ಹೊಸ ಆವೃತ್ತಿ ಹಾಕಿಕೊಂಡರಾಯಿತು. ಇನ್ನೊಂದು ಮಾತು, ಜಾವಾಸ್ಕ್ರಿಪ್ಟ್ ಬೇರೆ, ಜಾವಾ ಬೇರೆ. ಹೆಸರಿನಲ್ಲಿ ಮಾತ್ರ ನಂಟು. ಜಾವಾ ಅಪಾಯ ಅಂತ ಓದಿ ಬ್ರೌಸರಿನಲ್ಲಿ ಜಾವಾಸ್ಕ್ರಿಪ್ಟ್ ಆಫ್ ಮಾಡಿ, ‘ಯಾವ ಸೈಟೂ ಸರಿಯಾಗಿ ತೆರೆಯುತ್ತಿಲ್ಲ’ ಅಂತ ಫೋನ್ ಮಾಡಿದವರು ನನ್ನ ಲೆಕ್ಕದಲ್ಲೇ ನಾಲ್ಕೈದು ಜನ ಇದ್ದಾರೆ.

ಯಾವುದೋ ಹಳೇ ಪೋರ್ಟಲ್‌ಗಾಗಿ ಹಳೆಯ ಬ್ರೌಸರನ್ನೇ ಉಳಿಸಿಕೊಂಡವರೂ ಇದ್ದಾರೆ. ಅದು ಬೇಡ. ಇಂಟರ್ನೆಟ್ ಎಕ್ಸ್‌ಪ್ಲೋರರ್ 2022ರ ಜೂನ್‌ನಲ್ಲಿ ನಿವೃತ್ತವಾಯಿತು. ಅದರಲ್ಲಷ್ಟೇ ತೆರೆಯುವ ಪುಟ ಇದ್ದರೆ ಎಡ್ಜ್ ಬ್ರೌಸರಿನಲ್ಲಿ ಐಇ ಮೋಡ್ ಎಂಬ ವ್ಯವಸ್ಥೆ ಇದೆ. ಆ ಒಂದು ತಾಣಕ್ಕೆ ಮಾತ್ರ ಅದನ್ನು ಬಳಸಿ.

ಇನ್ನು ನೀವು ಕಂಡ ಫ್ಲ್ಯಾಶ್ ಸಂದೇಶ. ಇದಕ್ಕೆ ನನ್ನ ಉತ್ತರ ತೀರಾ ಚಿಕ್ಕದು. ಫ್ಲ್ಯಾಶ್ ಸತ್ತು ವರ್ಷಗಳಾದವು. ಸತ್ತವರಿಗೆ ಅಪ್‌ಡೇಟ್ ಬರುವುದಿಲ್ಲ. ಅಂಥ ಸಂದೇಶ ನೂರಕ್ಕೆ ನೂರು ಮೋಸ. ಆದರೆ ಈ ಮೋಸಕ್ಕೆ ಈಗ ಹೊಸ ರೂಪ ಬಂದಿದೆ, ಅದನ್ನು ಗೊತ್ತು ಮಾಡಿಕೊಳ್ಳಿ. ಪುಟವೊಂದು ‘ನೀವು ಮನುಷ್ಯರೇ ಎಂದು ಖಚಿತಪಡಿಸಿ’ ಎನ್ನುತ್ತದೆ. ಚೌಕ ಒತ್ತಿದರೆ ಮೂರು ಹೆಜ್ಜೆ ಹೇಳುತ್ತದೆ: ವಿಂಡೋಸ್ ಕೀ ಜೊತೆ ಆರ್ ಒತ್ತಿ, ಕಂಟ್ರೋಲ್ ಜೊತೆ ವಿ ಒತ್ತಿ, ಎಂಟರ್ ಒತ್ತಿ. ನೀವು ಚೌಕ ಒತ್ತಿದಾಗಲೇ ಒಂದು ಆಜ್ಞೆ ಸದ್ದಿಲ್ಲದೆ ಕ್ಲಿಪ್‌ಬೋರ್ಡಿಗೆ ನಕಲಾಗಿರುತ್ತದೆ. ಮೂರನೇ ಹೆಜ್ಜೆಗೆ ನಿಮ್ಮ ಕೈಯಿಂದಲೇ ಅದು ಓಡುತ್ತದೆ. ಇಲ್ಲಿ ಯಾವ ಬಿರುಕೂ ಬೇಕಿಲ್ಲ ನೋಡಿ. ಬ್ರೌಸರ್ ಗಟ್ಟಿಯಾದಷ್ಟೂ ಕಳ್ಳರು ಕುರ್ಚಿಯಲ್ಲಿ ಕೂತವರ ಕಡೆ ತಿರುಗಿದ್ದಾರೆ. ವಿಂಡೋಸ್ ಕೀ ಜೊತೆ ಆರ್ ಒತ್ತಿದರೆ ತೆರೆಯುವುದು ಆಜ್ಞೆ ಓಡಿಸುವ ರನ್ ಕಿಟಕಿ. ಯಾವ ನಿಜವಾದ ಸೈಟೂ ನಿಮ್ಮನ್ನು ಅದನ್ನು ತೆರೆಯಲು ಕೇಳುವುದಿಲ್ಲ.

ಈಗ ಆ ಹದಿನಾಲ್ಕಕ್ಕೆ ಬರೋಣ.

ಎಕ್ಸ್‌ಟೆನ್ಶನ್ ಹಾಕುವಾಗ ಚಿಕ್ಕ ಕಿಟಕಿಯೊಂದು ಬರುತ್ತದೆ. ‘ಎಲ್ಲ ವೆಬ್‌ಸೈಟ್‌ಗಳಲ್ಲಿ ನಿಮ್ಮ ಎಲ್ಲ ಡೇಟಾವನ್ನು ಓದಬಹುದು ಮತ್ತು ಬದಲಾಯಿಸಬಹುದು’ ಎಂದು ಬರೆದಿರುತ್ತದೆ. ಈ ಸಾಲನ್ನು ಕಾನೂನಿನ ಭಾಷೆ ಅಂದುಕೊಂಡು ಎಲ್ಲರೂ ದಾಟಿಹೋಗುತ್ತಾರೆ. ಅದು ಅಕ್ಷರಶಃ ನಿಜ. ಬ್ಯಾಂಕಿನ ಪುಟದಲ್ಲಿ ನಿಮ್ಮ ಬಾಕಿ ಮೊತ್ತ ಕಾಣುತ್ತದಲ್ಲ, ಅದಕ್ಕೂ ಕಾಣುತ್ತದೆ. ಪಾಸ್‌ವರ್ಡ್ ಹಾಕುವ ಜಾಗದಲ್ಲಿ ನಿಮಗೆ ಬರೀ ಚುಕ್ಕಿಗಳು ಕಾಣುತ್ತವೆ. ಅದಕ್ಕೆ ಅಕ್ಷರಗಳೇ ಸಿಗುತ್ತವೆ. ವಿಳಾಸದ ಪಕ್ಕದ ಬೀಗದ ಗುರುತು ಇಲ್ಲಿ ಉಪಯೋಗಕ್ಕೆ ಬರುವುದಿಲ್ಲ. ಆ ಬೀಗ ದಾರಿಯಲ್ಲಿ ಹೋಗುವ ಮಾಹಿತಿಗೆ ಕಾವಲು. ಎಕ್ಸ್‌ಟೆನ್ಶನ್ ಕೂತಿರುವುದು ಮನೆಯೊಳಗೇ. ಕೆಲವು ಎಕ್ಸ್‌ಟೆನ್ಶನ್‌ಗಳು ಕುಕಿಗಳನ್ನೂ ಕೇಳಿ ಪಡೆದಿರುತ್ತವೆ. ನೀವು ಒಮ್ಮೆ ಲಾಗಿನ್ ಆದ ಮೇಲೆ ಸೈಟು ನಿಮ್ಮ ಗುರುತಿಗೆ ಕೊಡುವ ಚೀಟಿ ಅದು. ಆ ಚೀಟಿ ಕದ್ದವರಿಗೆ ಪಾಸ್‌ವರ್ಡ್ ಬೇಡ, ಒಟಿಪಿಯೂ ಬೇಡ. ನೇರ ಒಳಗೆ ಬರುತ್ತಾರೆ.

ಹಾಗಂತ ಎಲ್ಲ ಎಕ್ಸ್‌ಟೆನ್ಶನ್ ಕಳ್ಳ ಅಂತಲ್ಲ. ಜಾಹೀರಾತು ತಡೆಯುವುದಕ್ಕೆ, ಪಾಸ್‌ವರ್ಡ್ ತುಂಬುವುದಕ್ಕೆ ಆ ಅನುಮತಿ ನಿಜಕ್ಕೂ ಬೇಕು. ನನ್ನನ್ನು ಜಾಸ್ತಿ ಕಾಡುವ ವಿಷಯ ಬೇರೆ. ಇವತ್ತು ಒಳ್ಳೆಯದಾಗಿರುವುದು ನಾಳೆಯೂ ಒಳ್ಳೆಯದಾಗಿರುತ್ತದೆ ಎಂಬ ಖಾತ್ರಿ ಇಲ್ಲ. ದಿ ಗ್ರೇಟ್ ಸಸ್ಪೆಂಡರ್ ಎಂಬ ಎಕ್ಸ್‌ಟೆನ್ಶನ್ ಇತ್ತು. ಬಳಸದ ಟ್ಯಾಬ್‌ಗಳನ್ನು ಮಲಗಿಸಿ ಮೆಮೊರಿ ಉಳಿಸುತ್ತಿತ್ತು, ಇಪ್ಪತ್ತು ಲಕ್ಷ ಜನ ಬಳಸುತ್ತಿದ್ದರು. ನಾನೂ ಹಲವರಿಗೆ ಹಾಕಿಕೊಟ್ಟಿದ್ದೆ ಅಂತ ಒಪ್ಪಿಕೊಳ್ಳುತ್ತೇನೆ. 2020ರಲ್ಲಿ ಅದನ್ನು ಬರೆದವರು ಅದನ್ನು ಬೇರೆಯವರಿಗೆ ಮಾರಿದರು. ಕೊಂಡವರು ಯಾರು ಅಂತ ಬಳಕೆದಾರರಿಗೆ ತಿಳಿಯಲೇ ಇಲ್ಲ. 2021ರ ಫೆಬ್ರವರಿಯಲ್ಲಿ ಗೂಗಲ್ ಅದನ್ನು ದುಷ್ಟ ತಂತ್ರಾಂಶ ಎಂದು ಸಾರಿ ಎಲ್ಲರ ಕಂಪ್ಯೂಟರಿನಲ್ಲೂ ನಿಲ್ಲಿಸಿತು. ಅದೇ ಹೆಸರು, ಅದೇ ಚಿತ್ರ, ಒಳಗಿನ ಮಾಲು ಮಾತ್ರ ಬೇರೆ.

ಮಾರದಿದ್ದರೂ ಕಳುವಾಗಬಹುದು. 2024ರ ಕ್ರಿಸ್‌ಮಸ್ ಹೊತ್ತಿಗೆ ಸೈಬರ್‌ಹೇವನ್ ಎಂಬ ಭದ್ರತಾ ಕಂಪನಿಯ ಉದ್ಯೋಗಿಯೊಬ್ಬರಿಗೆ ಎಕ್ಸ್‌ಟೆನ್ಶನ್ ಸಿಗುವ ಕ್ರೋಮ್ ಅಂಗಡಿಯವರೇ ಕಳಿಸಿದಂತಿದ್ದ ಮೋಸದ ಮೇಲ್ ಬಂತು. ಅದನ್ನು ನಂಬಿ ಅನುಮತಿ ಕೊಟ್ಟರು. ಕಳ್ಳರು ಆ ಕಂಪನಿಯ ಎಕ್ಸ್‌ಟೆನ್ಶನ್‌ಗೆ ತಮ್ಮ ಕೋಡ್ ಸೇರಿಸಿ ಅಪ್‌ಡೇಟ್ ಆಗಿ ಬಿಟ್ಟರು. ಸುಮಾರು ನಾಲ್ಕು ಲಕ್ಷ ಜನ ಬಳಸುತ್ತಿದ್ದ ಎಕ್ಸ್‌ಟೆನ್ಶನ್ ಅದು. ಅಪ್‌ಡೇಟ್ ಆಗದೆ ಉಳಿದದ್ದು ಪ್ಲಗಿನ್ ಕಾಲದ ಅಪಾಯ. ತಾನಾಗೇ ಅಪ್‌ಡೇಟ್ ಆಗುವುದೇ ಎಕ್ಸ್‌ಟೆನ್ಶನ್ ಕಾಲದ ಅಪಾಯ. ವಿಚಿತ್ರ ಅಲ್ವಾ? ಹಾಗಾಗಿ ‘ಯಾವುದು ಒಳ್ಳೆಯ ಎಕ್ಸ್‌ಟೆನ್ಶನ್’ ಎಂಬ ಪ್ರಶ್ನೆಗಿಂತ ‘ಎಷ್ಟು ಇವೆ’ ಎಂಬುದನ್ನೇ ನಾನು ಮೊದಲು ಕೇಳುವುದು. ಹದಿನಾಲ್ಕು ಅಂದರೆ ಮನೆಯ ಕೀಲಿ ಹದಿನಾಲ್ಕು ಜನರ ಕೈಯಲ್ಲಿದೆ. ಅವರು ಅದನ್ನು ಯಾರಿಗೆ ದಾಟಿಸಿದರೂ ನಿಮಗೆ ಗೊತ್ತಾಗುವುದಿಲ್ಲ.

ಆಂಟಿವೈರಸ್ ಯಾಕೆ ಸುಮ್ಮನಿದೆ ಎಂಬುದಕ್ಕೂ ಉತ್ತರ ಇಲ್ಲೇ ಇದೆ. ಅದು ಮುಖ್ಯವಾಗಿ ನೋಡುವುದು ಕಂಪ್ಯೂಟರಿನ ಫೈಲುಗಳನ್ನು, ಅಲ್ಲಿ ಓಡುವ ಪ್ರೋಗ್ರಾಂಗಳನ್ನು. ಎಕ್ಸ್‌ಟೆನ್ಶನ್ ಮಾಡುತ್ತಿರುವುದು ಅನುಮತಿ ಪಡೆದ ಕೆಲಸ. ಹೂಂ ಅಂದದ್ದು ನಿಮ್ಮ ಮನೆಯವರೇ. ಆಂಟಿವೈರಸ್ ದೃಷ್ಟಿಯಲ್ಲಿ ಅಲ್ಲಿ ಕಳ್ಳತನವೇ ಕಾಣದಿರಬಹುದು.

ಹಾಗಾದರೆ ನಿಮ್ಮ ಸರ್ಚನ್ನು ಹೊತ್ತೊಯ್ದವರು ಯಾರು? ಕ್ರೋಮಿನ ಸೆಟ್ಟಿಂಗ್ಸ್ ತೆರೆದು ಸರ್ಚ್ ಎಂಜಿನ್ ಭಾಗಕ್ಕೆ ಹೋಗಿ. ಬಹಳ ಸಲ ಅಲ್ಲೇ ಒಂದು ಸಾಲು ಸಿಗುತ್ತದೆ: ಇಂಥ ಹೆಸರಿನ ಎಕ್ಸ್‌ಟೆನ್ಶನ್ ಈ ಸೆಟ್ಟಿಂಗನ್ನು ನಿಯಂತ್ರಿಸುತ್ತಿದೆ, ಪಕ್ಕದಲ್ಲೇ ನಿಲ್ಲಿಸುವ ಗುಂಡಿ. ಕಳ್ಳನೇ ಹೆಸರು ಬರೆದಿಟ್ಟು ಹೋದಂತೆ. ನನ್ನ ಅನುಭವದಲ್ಲಿ ಆ ಹೆಸರು ಪಿಡಿಎಫ್ ಬದಲಾಯಿಸುವುದೋ, ಹೊಸ ಟ್ಯಾಬಿಗೆ ಚಂದದ ಚಿತ್ರ ತರುವುದೋ, ಕೂಪನ್ ಹುಡುಕುವುದೋ ಆಗಿರುತ್ತದೆ. ಅಂಥ ಸಾಲು ಕಾಣದಿದ್ದರೆ ಎಕ್ಸ್‌ಟೆನ್ಶನ್ ಪುಟಕ್ಕೆ ಹೋಗಿ ಹದಿನಾಲ್ಕನ್ನೂ ಆಫ್ ಮಾಡಿ. ಬ್ರೌಸರ್ ಮುಚ್ಚಿ ತೆರೆದು ಏನಾದರೂ ಹುಡುಕಿ. ಸರಿಯಾದರೆ ಒಂದೊಂದನ್ನೇ ಆನ್ ಮಾಡುತ್ತಾ ಬನ್ನಿ. ಯಾವುದನ್ನು ಆನ್ ಮಾಡಿದಾಗ ಕಾಟ ಮರಳುತ್ತದೋ ಅದನ್ನು ಬರೀ ಆಫ್ ಮಾಡಿ ಬಿಡಬೇಡಿ, ತೆಗೆದೇಹಾಕಿ.

ಆದರೆ ನಿಮ್ಮ ಮನೆಯಲ್ಲಿ ಒಂದು ತಿರುವು ಇದೆ. ಕ್ರೋಮಿಗೆ ಲಾಗಿನ್ ಆಗಿರುವುದು ಮಗಳ ಖಾತೆಯಿಂದ. ಸಿಂಕ್ ಆನ್ ಇದ್ದರೆ ಅವಳು ತನ್ನ ಕಂಪ್ಯೂಟರಿನಲ್ಲಿ ಹಾಕಿಕೊಂಡ ಎಕ್ಸ್‌ಟೆನ್ಶನ್ ನಿಮ್ಮ ಲ್ಯಾಪ್‌ಟಾಪ್‌ಗೂ ಬಂದು ಕೂರುತ್ತದೆ. ನಿಮಗೆ ಗೊತ್ತಿಲ್ಲದ ಹನ್ನೊಂದು ಎಲ್ಲಿಂದ ಬಂದವು ಎಂಬುದಕ್ಕೆ ಇದೇ ಉತ್ತರ ಇರಬಹುದು. ಇಲ್ಲಿ ಫಾರ್ಮ್ಯಾಟ್ ಮಾಡಿಸಿದ್ದರೆ ಏನಾಗುತ್ತಿತ್ತು ಯೋಚಿಸಿ. ಹಣ ಕೊಟ್ಟು, ಒಂದು ದಿನ ಕಳೆದು, ಎಲ್ಲವನ್ನೂ ಅಳಿಸಿ, ಕೊನೆಗೆ ಅದೇ ಖಾತೆಯಿಂದ ಲಾಗಿನ್ ಆದ ಐದು ನಿಮಿಷಕ್ಕೆ ಹದಿನಾಲ್ಕೂ ವಾಪಸ್! ಮೊದಲು ಮಗಳಿಗೆ ಫೋನ್ ಮಾಡಿ. ಅವಳ ಕಡೆಯಲ್ಲೂ ತೆಗೆಯಬೇಕು. ಬೈಯಬೇಡಿ ಪಾಪ, ಅವಳ ಸರ್ಚೂ ಅಲ್ಲಿಗೇ ಹೋಗುತ್ತಿರಬಹುದು. ಆಮೇಲೆ ಮೂವರಿಗೂ ಕ್ರೋಮಿನಲ್ಲಿ ಬೇರೆ ಬೇರೆ ಪ್ರೊಫೈಲ್ ಮಾಡಿಕೊಳ್ಳಿ. ಎಕ್ಸ್‌ಟೆನ್ಶನ್ ಅವರವರ ಪ್ರೊಫೈಲಿಗೆ ಮಾತ್ರ ಅಂಟಿಕೊಂಡಿರುತ್ತದೆ.

ತೆಗೆಯಲು ಹೋದಾಗ ‘ತೆಗೆಯಿರಿ’ ಗುಂಡಿಯೇ ಇಲ್ಲದಿದ್ದರೆ, ಅಥವಾ ಮೆನುವಿನ ಕೊನೆಯಲ್ಲಿ ‘ನಿಮ್ಮ ಸಂಸ್ಥೆ ಈ ಬ್ರೌಸರನ್ನು ನಿರ್ವಹಿಸುತ್ತಿದೆ’ ಎಂದಿದ್ದರೆ ಕಥೆ ಬೇರೆ. ಮನೆಯ ಲ್ಯಾಪ್‌ಟಾಪ್‌ಗೆ ಎಲ್ಲಿಯ ಸಂಸ್ಥೆ? ಕೆಲವು ಆಂಟಿವೈರಸ್‌ಗಳೂ ಈ ಸಾಲನ್ನು ಬರಿಸುತ್ತವೆ, ಹಾಗಾಗಿ ಕಂಡ ತಕ್ಷಣ ಗಾಬರಿ ಬೇಡ. ಆದರೆ ತೆಗೆದ ಎಕ್ಸ್‌ಟೆನ್ಶನ್ ಮತ್ತೆ ಮತ್ತೆ ಹುಟ್ಟುತ್ತಿದ್ದರೆ, ಹೊರಗಿನ ಪ್ರೋಗ್ರಾಂ ಒಂದು ಅದನ್ನು ನೆಡುತ್ತಿದೆ ಎಂದರ್ಥ. ನಾನು ಒಬ್ಬರ ಕಂಪ್ಯೂಟರಿನಲ್ಲಿ ಇಂಥದ್ದನ್ನು ಮೂರು ಸಲ ಕಿತ್ತೆ, ಮೂರು ಸಲವೂ ರೀಸ್ಟಾರ್ಟ್ ಆದ ಮೇಲೆ ಮೂಲೆಯಲ್ಲಿ ನಗುತ್ತಾ ಕೂತಿತ್ತು. ಉಚಿತ ವಿಡಿಯೊ ಪ್ಲೇಯರ್ ಜೊತೆ ಬಂದಿದ್ದ ಪ್ರೋಗ್ರಾಂ ಒಂದನ್ನು ಪತ್ತೆ ಮಾಡಿ ತೆಗೆದ ಮೇಲೆ ನಿಂತಿತು. ಆ ಹಂತಕ್ಕೆ ಹೋದರೆ ತಿಳಿದವರಿಗೆ ತೋರಿಸಿ. ಫೈಲುಗಳನ್ನು ಬೇರೆ ಡಿಸ್ಕಿಗೆ ನಕಲು ಮಾಡಿಟ್ಟು ಫಾರ್ಮ್ಯಾಟ್ ಮಾಡಿಸುವುದು ಆಗ ನ್ಯಾಯವಾದ ದಾರಿ. ಆ ಫ್ಲ್ಯಾಶ್ ಫೈಲನ್ನು ನೀವು ಓಡಿಸಿದ್ದರೂ ನಾನು ಇದನ್ನೇ ಹೇಳುತ್ತಿದ್ದೆ.

ಕಾಟ ನಿಂತ ಮೇಲೆ ಏನೇನು ಉಳಿಸಿಕೊಳ್ಳಬೇಕು? ‘ಎಲ್ಲವನ್ನೂ ಕಿತ್ತುಹಾಕಲೇ’ ಎಂದು ಕೇಳಿದ್ದೀರಿ. ಒಂದನ್ನು ಬಿಟ್ಟು ಉಳಿದದ್ದನ್ನು ಕಿತ್ತರೆ ನಾನು ಬೇಡ ಎನ್ನುವುದಿಲ್ಲ. ಜಾಹೀರಾತು ತಡೆಯುವ ಎಕ್ಸ್‌ಟೆನ್ಶನ್ ಇರಲಿ. ನಕಲಿ ಅಪ್‌ಡೇಟ್ ಪುಟಗಳಿಗೆ ಜನ ತಲುಪುವುದೇ ಹೆಚ್ಚಾಗಿ ಜಾಹೀರಾತಿನಿಂದ. ಇದಕ್ಕೂ ಎಲ್ಲವನ್ನೂ ಓದುವ ಅನುಮತಿ ಬೇಕಾಗಬಹುದು, ಅದು ಗೊತ್ತಿದ್ದೇ ಹೇಳುತ್ತಿದ್ದೇನೆ. ಒಂದೇ ಕೀಲಿಯಾದರೆ ಯಾರ ಕೈಯಲ್ಲಿದೆ ಅಂತ ಕಣ್ಣಿಡಬಹುದು. ಫೈರ್‌ಫಾಕ್ಸ್‌ನಲ್ಲಾದರೆ ಯೂಬ್ಲಾಕ್ ಒರಿಜಿನ್, ಕ್ರೋಮಿನಲ್ಲಾದರೆ ಅದೇ ತಂಡದ ಲೈಟ್ ಆವೃತ್ತಿ ನನ್ನ ಆಯ್ಕೆ. ಕ್ರೋಮ್ ತನ್ನ ಎಕ್ಸ್‌ಟೆನ್ಶನ್ ನಿಯಮ ಬದಲಿಸಿದ ಮೇಲೆ ಪೂರ್ತಿ ಆವೃತ್ತಿ ಅಲ್ಲಿ ಓಡುವುದಿಲ್ಲ. ಹಾಕುವಾಗ ಹೆಸರಿನ ಒಂದೊಂದು ಅಕ್ಷರವನ್ನೂ ನೋಡಿ. 2017ರಲ್ಲಿ ಆ್ಯಡ್‌ಬ್ಲಾಕ್ ಪ್ಲಸ್ ಹೆಸರಿನ ನಕಲಿಯೊಂದು ಕ್ರೋಮಿನ ಅಧಿಕೃತ ಅಂಗಡಿಯಲ್ಲೇ ಕೂತಿತ್ತು. ಅದನ್ನು ತೆಗೆಯುವ ಹೊತ್ತಿಗೆ 37,000 ಜನ ಹಾಕಿಕೊಂಡಾಗಿತ್ತು.

ಬೇರೆ ಯಾವುದಾದರೂ ಬೇಕೇಬೇಕು ಅಂದರೆ ಅದರ ವಿವರ ಪುಟದಲ್ಲಿ ‘ಸೈಟ್ ಪ್ರವೇಶ’ ಎಂಬ ಆಯ್ಕೆ ನೋಡಿ. ‘ಎಲ್ಲ ಸೈಟ್‌ಗಳಲ್ಲಿ’ ಎಂದಿರುವುದನ್ನು ‘ಕ್ಲಿಕ್ ಮಾಡಿದಾಗ’ ಎಂದು ಬದಲಿಸಿ. ಆಗ ನೀವು ಕರೆದಾಗಷ್ಟೇ ಅದು ಪುಟದೊಳಗೆ ಬರುತ್ತದೆ. ಬ್ಯಾಂಕಿಗೆ ಇನ್ನೂ ಸುಲಭದ ದಾರಿ ಇದೆ. ನಿಮ್ಮಲ್ಲಿ ಫೈರ್‌ಫಾಕ್ಸ್ ಹೇಗೂ ಇದೆ. ಅದರಲ್ಲಿ ಒಂದೂ ಎಕ್ಸ್‌ಟೆನ್ಶನ್ ಹಾಕದೆ, ಬ್ಯಾಂಕಿಗೆ ಮಾತ್ರ ಎಂದು ಇಟ್ಟುಬಿಡಿ. ಉಳಿದ ಓಡಾಟ ಕ್ರೋಮಿನಲ್ಲಿ ಇರಲಿ. ಖಾಸಗಿ ಕಿಟಕಿಯಲ್ಲೂ ನೀವು ಹೇಳದ ಹೊರತು ಎಕ್ಸ್‌ಟೆನ್ಶನ್ ಓಡುವುದಿಲ್ಲ, ಅವಸರಕ್ಕೆ ಅದೂ ಆದೀತು. ಆದರೆ ಕಂಪ್ಯೂಟರಿನೊಳಗೇ ದುಷ್ಟ ಪ್ರೋಗ್ರಾಂ ಸೇರಿಕೊಂಡಿದ್ದರೆ ಬೇರೆ ಬ್ರೌಸರೂ ಕಾಯುವುದಿಲ್ಲ, ಖಾಸಗಿ ಕಿಟಕಿಯೂ ಕಾಯುವುದಿಲ್ಲ.

ಪಾಸ್‌ವರ್ಡ್ ಬದಲಿಸಬೇಕೇ? ನೀವು ಕೇಳಿಲ್ಲ, ಆದರೂ ಹೇಳುತ್ತೇನೆ: ಬೇಕು. ಆ ಎಕ್ಸ್‌ಟೆನ್ಶನ್ ಏನೇನು ಓದಿತೋ ಯಾರಿಗೆ ಗೊತ್ತು? ಆದರೆ ಕ್ರಮ ಮುಖ್ಯ. ಮೊದಲು ಸ್ವಚ್ಛ ಮಾಡಿ, ಆಮೇಲೆ ಬದಲಿಸಿ. ಉಲ್ಟಾ ಮಾಡಿದರೆ ಹೊಸ ಪಾಸ್‌ವರ್ಡನ್ನೂ ಕಳ್ಳನ ಕಣ್ಣೆದುರೇ ಬರೆದ ಹಾಗೆ. ಮೇಲ್ ಖಾತೆ ಮೊದಲು, ಬ್ಯಾಂಕ್ ಆಮೇಲೆ. ಮೇಲ್ ಕೈಗೆ ಸಿಕ್ಕವರಿಗೆ ಉಳಿದ ಹಲವು ಪಾಸ್‌ವರ್ಡ್‌ಗಳನ್ನು ಹೊಸದಾಗಿ ಮಾಡಿಕೊಳ್ಳುವ ದಾರಿ ತೆರೆದಿರುತ್ತದೆ. ಬದಲಿಸಿದ ಮೇಲೆ ‘ಎಲ್ಲ ಸಾಧನಗಳಿಂದ ಲಾಗೌಟ್’ ಎಂಬ ಆಯ್ಕೆ ಇದ್ದರೆ ಒತ್ತಿ. ಆಗ ಕದ್ದ ಕುಕಿ ಚೀಟಿಗಳೂ ರದ್ದಾಗುತ್ತವೆ. ಬ್ಯಾಂಕಿನ ಖಾತೆಯಲ್ಲಿ ಕಳೆದ ಮೂರು ವಾರದ ಲೆಕ್ಕವನ್ನು ಒಮ್ಮೆ ಕಣ್ಣಾಡಿಸಿ.

ಬ್ರೌಸರಿನ ಅಪ್‌ಡೇಟ್ ಬಗ್ಗೆ ಒಂದೆರಡು ಮಾತು. ತಾನಾಗೇ ಆಗುತ್ತದೆ ನಿಜ, ಆದರೆ ಇಳಿದ ಅಪ್‌ಡೇಟ್ ಜಾರಿಗೆ ಬರುವುದು ಬ್ರೌಸರ್ ಮುಚ್ಚಿ ತೆರೆದಾಗ. ಲ್ಯಾಪ್‌ಟಾಪನ್ನು ಬರೀ ಮಡಿಸಿಟ್ಟು, ನಲವತ್ತು ಟ್ಯಾಬ್ ಹಾಗೇ ಬಿಟ್ಟು ವಾರಗಟ್ಟಲೆ ನಡೆಸುವವರಿಗೆ ಅದು ತಲುಪುವುದೇ ಇಲ್ಲ. 2023ರ ಸೆಪ್ಟೆಂಬರ್‌ನಲ್ಲಿ ವೆಬ್‌ಪಿ ಎಂಬ ಬಗೆಯ ಚಿತ್ರಗಳನ್ನು ಓದುವ ಕೋಡಿನಲ್ಲಿ ಬಿರುಕು ಸಿಕ್ಕಿತು. ಕ್ರೋಮ್, ಎಡ್ಜ್, ಫೈರ್‌ಫಾಕ್ಸ್ ಎಲ್ಲದರಲ್ಲೂ ಅದೇ ಕೋಡ್. ಪುಟದಲ್ಲಿ ಒಂದು ಚಿತ್ರ ಕಂಡರೆ ಸಾಕಿತ್ತು, ಥೇಟ್ ಫ್ಲ್ಯಾಶ್ ಕಾಲದ ಹಾಗೆ. ಕೆಲವೇ ದಿನಗಳಲ್ಲಿ ಎಲ್ಲರೂ ತೇಪೆ ಹಾಕಿದರು. ಬ್ರೌಸರ್ ಮುಚ್ಚಿ ತೆರೆದವರಿಗೆ ಅದು ಸಿಕ್ಕಿತು. ಕ್ರೋಮಿನ ಬಲತುದಿಯ ಮೂರು ಚುಕ್ಕಿಯ ಜಾಗದಲ್ಲಿ ಅಪ್‌ಡೇಟ್ ಸೂಚನೆ ಕಂಡರೆ ಅವತ್ತೇ ಒತ್ತಿ.

ವಿಂಡೋಸ್ 10 ಮಾತ್ರ ನನಗೆ ನಿಮ್ಮ ಫ್ಲ್ಯಾಶ್‌ಗಿಂತ ದೊಡ್ಡ ಚಿಂತೆ. ಅದರ ಮಾಮೂಲಿ ಭದ್ರತಾ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಲ್ಯಾಪ್‌ಟಾಪ್ ವಿಂಡೋಸ್ 11ಕ್ಕೆ ಹೊಂದುತ್ತದೋ ನೋಡಿ. ಎಂಟು ವರ್ಷ ಹಳೆಯದಾದರೆ ಹೊಂದದಿರುವ ಸಾಧ್ಯತೆಯೇ ಜಾಸ್ತಿ. ಆಗ ವಿಂಡೋಸ್ ಬದಲು ಲಿನಕ್ಸ್ ಎಂಬ ಉಚಿತ ಆಪರೇಟಿಂಗ್ ಸಿಸ್ಟಂ ಹಾಕಿಸುವುದು ಒಂದು ದಾರಿ. ಮೇಲ್, ಬ್ಯಾಂಕ್, ವಿಡಿಯೊ ಇಷ್ಟೇ ಕೆಲಸ ಇರುವ ಹಲವರಿಗೆ ಅದು ಸಾಕಾಗುತ್ತದೆ, ಆದರೆ ವಿಂಡೋಸ್‌ನಲ್ಲಷ್ಟೇ ಓಡುವ ಪ್ರೋಗ್ರಾಂ ಇದ್ದರೆ ಕಷ್ಟ. ಅದೂ ಬೇಡವಾದರೆ ಬ್ಯಾಂಕಿನ ಕೆಲಸವನ್ನಾದರೂ ಅಪ್‌ಡೇಟ್ ಬರುತ್ತಿರುವ ಬೇರೆ ಸಾಧನಕ್ಕೆ ಸಾಗಿಸಿ.

ಕೊನೆಯದಾಗಿ ಫೈರ್‌ಫಾಕ್ಸ್‌ನ ಪ್ಲಗಿನ್ ಪಟ್ಟಿಯ ಎರಡು ಹೆಸರು. ನೀವು ಬರೆದಿಲ್ಲವಾದರೂ ಅವು ಓಪನ್‌ಎಚ್‌264 ಮತ್ತು ವೈಡ್‌ವೈನ್ ಆಗಿರಬೇಕು. ಮೊದಲನೆಯದು ಸಿಸ್ಕೊ ಕಂಪನಿಯದು, ವಿಡಿಯೊ ಕರೆಗೆ ಬೇಕಾಗುತ್ತದೆ. ಎರಡನೆಯದು ಗೂಗಲ್‌ನದು, ಹಣ ಕೊಟ್ಟು ನೋಡುವ ಸಿನಿಮಾ ತಾಣಗಳಿಗೆ ಬೇಕು. ಹೆಸರು ಪ್ಲಗಿನ್ ಆದರೂ ಫೈರ್‌ಫಾಕ್ಸ್ ಅವನ್ನು ಕಟ್ಟುನಿಟ್ಟಾಗಿ ಪ್ರತ್ಯೇಕ ಕೋಣೆಯಲ್ಲಿ ಕೂರಿಸಿ ಓಡಿಸುತ್ತದೆ, ತಾನೇ ಅಪ್‌ಡೇಟ್ ಮಾಡುತ್ತದೆ. ಅವೆರಡನ್ನೂ ಇದ್ದ ಹಾಗೇ ಬಿಡಿ. ಮೂರನೇ ಹೆಸರೇನಾದರೂ ಕಂಡರೆ ನನಗೆ ಬರೆಯಿರಿ.